ಕಾವಲೂರಿನ ಗಿರಿಯಲ್ಲಿ ಕ್ಷ-ಕಿರಣಗಳ ಗುರುತು

ವಾಣಿಯಂಬಾಡಿಯ ಚರ್ಮ ಹದಮಾಡುವ ಕಾರ್ಖಾನೆಗಳನ್ನು ಹಿಂದಿಕ್ಕಿ ಆಲಂಗಾಯದ ದಾರಿ ಹಿಡಿದೊಡನೆ ಬಯಲುಸೀಮೆಯ ಬಿಸಿಲು ಒಂದಿಷ್ಟು ಸೌಮ್ಯವಾಗುತ್ತದೆ. ಹೊಲಗಳು ಕಿರಿದಾಗುತ್ತವೆ, ಗುಡ್ಡಗಳು ಹತ್ತಿರ ಬರುತ್ತವೆ, ದಾರಿ ಮೆಲ್ಲನೆ ಏರತೊಡಗುತ್ತದೆ. ಇದೇ ಜವಾದಿ ಬೆಟ್ಟಗಳ ಸಾಲು. ಒಂದು ಕಾಲಕ್ಕೆ ಶ್ರೀಗಂಧದ ಕಾಡೆಂದು ಹೆಸರಾದ ಸೀಮೆ. ಬೆಂಗಳೂರಿನಿಂದ ಹೊಸೂರು, ಕೃಷ್ಣಗಿರಿ ಮಾರ್ಗವಾಗಿ ಹೊರಟವರು ಸುಮಾರು ನಾಲ್ಕು ತಾಸಿನ ಪ್ರಯಾಣದ ಕೊನೆಗೆ ಕಾವಲೂರೆಂಬ ಸಣ್ಣ ಹಳ್ಳಿಯನ್ನು ಸೇರುತ್ತಾರೆ. ಈಗ ಅದು ತಮಿಳುನಾಡಿನ ತಿರುಪತ್ತೂರು ಜಿಲ್ಲೆಗೆ ಸೇರಿದೆ. ಹಳ್ಳಿಯಲ್ಲಿ ಪ್ರವಾಸಿಗರನ್ನು ಸೆಳೆಯುವಂಥದು ಏನೂ ಇಲ್ಲ. ಆದರೆ ಅದರ ಪಕ್ಕದಲ್ಲಿ, ಕಾಡಿನ ನಡುವೆ, ಸುಮಾರು ನೂರು ಎಕರೆ ವಿಸ್ತಾರದ ಆವರಣದೊಳಗೆ ಬಿಳಿಯ ಗುಮ್ಮಟಗಳು ತಲೆಯೆತ್ತಿ ನಿಂತಿವೆ. ದೂರದಿಂದ ನೋಡಿದವರು ಯಾವುದೋ ದೇವಾಲಯದ ಸಮುಚ್ಚಯವೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ಅವು ವೇಣು ಬಾಪ್ಪು ಖಗೋಳ ವೀಕ್ಷಣಾಲಯದ ದೂರದರ್ಶಕಗಳ ಮನೆಗಳು.

ಸಮುದ್ರಮಟ್ಟದಿಂದ ಈ ಸ್ಥಳದ ಎತ್ತರ 725 ಮೀಟರ್. ನಮ್ಮ ಧಾರವಾಡದ ಎತ್ತರವೂ ಹೆಚ್ಚುಕಡಿಮೆ ಅಷ್ಟೇ. ಹೀಗಿರುವಾಗ ಆಕಾಶ ನೋಡಲು ಇದನ್ನೇ ಏಕೆ ಆರಿಸಿದರು ಎಂಬ ಪ್ರಶ್ನೆ ಏಳುವುದು ಸಹಜ. ಉತ್ತರ ಇದರ ಅಕ್ಷಾಂಶದಲ್ಲಿದೆ. ಭೂಮಧ್ಯರೇಖೆಯಿಂದ ಕೇವಲ ಹನ್ನೆರಡೂವರೆ ಅಂಶ ಉತ್ತರಕ್ಕಿರುವುದರಿಂದ ಉತ್ತರ ಗಗನವೆಲ್ಲವೂ, ದಕ್ಷಿಣ ಗಗನದ ಬಹುಭಾಗವೂ ಇಲ್ಲಿಂದ ಕಾಣುತ್ತದೆ. ಕೊಡೈಕೆನಾಲಿನ ಸೌರ ವೀಕ್ಷಣಾಲಯದ ಹೊಣೆಯನ್ನು 1960ರಲ್ಲಿ ವಹಿಸಿಕೊಂಡ ಡಾ. ವೇಣು ಬಾಪ್ಪು ಅವರು ನಕ್ಷತ್ರಗಳ ವೀಕ್ಷಣೆಗೆ ತಕ್ಕ ಬೇರೊಂದು ಜಾಗಕ್ಕಾಗಿ ದಕ್ಷಿಣದ ಬೆಟ್ಟಗಳನ್ನೆಲ್ಲ ಅರಸಿ ಕೊನೆಗೆ ಇಲ್ಲಿ ನೆಲೆ ನಿಂತರು. ಆ ದಶಕದ ಕೊನೆಗೆ 38 ಸೆಂಟಿಮೀಟರಿನ ಒಂದು ಚಿಕ್ಕ ದೂರದರ್ಶಕದಿಂದ ಕೆಲಸ ಮೊದಲಾಯಿತು. 1972ರಲ್ಲಿ ಒಂದು ಮೀಟರಿನ ಜರ್ಮನ್ ದೂರದರ್ಶಕ ಬಂದಿತು. ಯುರೇನಸ್ ಗ್ರಹಕ್ಕೂ ಬಳೆಗಳಿವೆಯೆಂದು ಲೋಕಕ್ಕೆ ತಿಳಿದ 1977ರ ಮಾರ್ಚ್ 10ರ ರಾತ್ರಿ, ಗ್ರಹದ ಹಿಂದೆ ಸರಿಯುತ್ತಿದ್ದ ನಕ್ಷತ್ರವನ್ನು ಈ ದೂರದರ್ಶಕವೂ ಗಮನಿಸಿತ್ತು.

ಬಾಪ್ಪು ಅವರ ದೊಡ್ಡ ಕನಸು 2.34 ಮೀಟರ್ ವ್ಯಾಸದ ಕನ್ನಡಿಯದು. ಅದನ್ನು ಹೊರದೇಶದಿಂದ ಸಿದ್ಧರೂಪದಲ್ಲಿ ತರಿಸಲಿಲ್ಲ. ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಯ ಕಾರ್ಯಾಗಾರದಲ್ಲಿಯೇ ಗಾಜನ್ನು ಉಜ್ಜಿ, ತಿಕ್ಕಿ, ಹೊಳಪು ಕೊಟ್ಟರು. ಕೆಲಸ ಮುಗಿಯುವ ಮೊದಲೇ, 1982ರ ಆಗಸ್ಟಿನಲ್ಲಿ, ಅವರು ತೀರಿಕೊಂಡರು. 1986ರ ಜನವರಿ 6ರಂದು ಪ್ರಧಾನಿ ರಾಜೀವ ಗಾಂಧಿಯವರು ದೂರದರ್ಶಕಕ್ಕೂ ವೀಕ್ಷಣಾಲಯಕ್ಕೂ ಅವರ ಹೆಸರನ್ನೇ ಇಟ್ಟರು.

ನಾನು ಅಲ್ಲಿಗೆ ಹೋದದ್ದು ಮಹಾಶಿವರಾತ್ರಿಯ ಮರುದಿನ. ದಿನದ ಆಯ್ಕೆ ನನ್ನದಲ್ಲ. ಗದುಗಿನ ನಮ್ಮ ಹಳೆಯ ಸ್ನೇಹಿತರೊಬ್ಬರ ಮೊಮ್ಮಗಳು ಖಭೌತ ವಿಜ್ಞಾನದಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ. ಅವಳಿಗೆ ದೂರದರ್ಶಕ ದೊರೆತದ್ದು ಅಂದು. ಬೆಳುದಿಂಗಳಿನಲ್ಲಿ ಮಂಕಾದ ಕಾಯಗಳು ಕಾಣವಾದ್ದರಿಂದ, ಅಂಥವನ್ನು ನೋಡುವವರಿಗೆ ಅಮಾವಾಸ್ಯೆಯ ಆಸುಪಾಸಿನ ರಾತ್ರಿಗಳನ್ನು ಹಂಚಿಕೊಡುವ ಪದ್ಧತಿ ಎಲ್ಲ ವೀಕ್ಷಣಾಲಯಗಳಲ್ಲಿಯೂ ಇದೆ. ಜಾಗರಣೆ ಮುಗಿಸಿದ ಕಣ್ಣುಗಳಿಗೆ ಇನ್ನೊಂದು ಜಾಗರಣೆ ಎಂದುಕೊಂಡು ಹೊರಟೆ.

ಹೊರಡುವ ಮುನ್ನ ಅವಳನ್ನು ಕೇಳಿದ್ದೆ: "ಏನವ್ವಾ, ನೀನು ನೋಡುವುದು ಏನನ್ನು?" "ಕ್ಷ-ಕಿರಣ ಸೂಸೋ ಗೆಲಾಕ್ಸಿಗಳ ನಡುವಿನ ಭಾಗಾನ್ರಿ, ಅಜ್ಜಾರ" ಎಂದಿದ್ದಳು. ನನಗೆ ಅಲ್ಲಿಯೇ ತೊಡಕಾಯಿತು. ಕ್ಷ-ಕಿರಣವೆಂದರೆ 1895ರಲ್ಲಿ ರಾಂಟ್ಜನ್ ಕಂಡುಹಿಡಿದದ್ದು, ಆಸ್ಪತ್ರೆಯಲ್ಲಿ ಎಲುಬಿನ ಚಿತ್ರ ತೆಗೆಯುವುದು ಎಂದು ವಾಚಕರೆಲ್ಲರಿಗೂ ಗೊತ್ತು. ಮಾಂಸವನ್ನು ಹಾದುಹೋಗುವ ಆ ಕಿರಣ ನಮ್ಮ ವಾಯುಮಂಡಲವನ್ನು ಮಾತ್ರ ಹಾದು ಬರಲಾರದು. ತಲೆಯ ಮೇಲಿರುವ ಗಾಳಿಯ ರಾಶಿ ಅಷ್ಟು ದಪ್ಪ. ಆಕಾಶದಿಂದ ಬರುವ ಕ್ಷ-ಕಿರಣವನ್ನೆಲ್ಲ ಅದು ಮೇಲೆಯೇ ಹೀರಿಬಿಡುತ್ತದೆ. ಹಾಗೆ ಹೀರದಿದ್ದರೆ ಭೂಮಿಯ ಮೇಲೆ ಜೀವಿಗಳು ಬಾಳುವುದು ಕಷ್ಟವಾಗುತ್ತಿತ್ತು. ಹಾಗಾದರೆ, ಕ್ಷ-ಕಿರಣದ ಒಂದು ಕಣವೂ ತಲುಪದ ಈ ಬೆಟ್ಟದ ಮೇಲೆ ಕುಳಿತು ಕ್ಷ-ಕಿರಣದ ಮೂಲಗಳನ್ನು ಶೋಧಿಸುವುದೆಂದರೇನು?

ಈ ಪ್ರಶ್ನೆಗೆ ಉತ್ತರ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. 1962ರ ಜೂನ್ 18ರಂದು ಅಮೆರಿಕದ ನ್ಯೂ ಮೆಕ್ಸಿಕೋದ ಮರುಭೂಮಿಯಿಂದ ಒಂದು ರಾಕೆಟ್ಟು ಮೇಲಕ್ಕೇರಿತು. ರಿಕಾರ್ಡೊ ಜಕೋನಿ ಮತ್ತು ಅವರ ಸಂಗಡಿಗರು ಅದರಲ್ಲಿ ಕ್ಷ-ಕಿರಣ ಗುರುತಿಸುವ ಉಪಕರಣ ಇರಿಸಿದ್ದರು. ಚಂದ್ರನಿಂದ ಏನಾದರೂ ಬರುತ್ತಿದೆಯೇ ಎಂದು ನೋಡುವುದು ಅವರ ಉದ್ದೇಶ. ವಾಯುಮಂಡಲದ ಹೊರಗೆ ಸಿಕ್ಕಿದ್ದು ಕೆಲವೇ ನಿಮಿಷ. ಆ ಅವಧಿಯಲ್ಲಿ ಚಂದ್ರನಿಂದ ಏನೂ ಕಾಣಲಿಲ್ಲ. ಬದಲಿಗೆ ವೃಶ್ಚಿಕ ರಾಶಿಯ ಕಡೆಯಿಂದ ಪ್ರಖರವಾದ ಕ್ಷ-ಕಿರಣ ಬರುತ್ತಿರುವುದು ತಿಳಿಯಿತು. ಜೊತೆಗೆ, ಎಲ್ಲ ದಿಕ್ಕುಗಳಿಂದಲೂ ಸಮನಾಗಿ ಬರುವ ಒಂದು ಮಂದ ಕಾಂತಿಯೂ ಕಂಡುಬಂದಿತು. ಚಂದ್ರನನ್ನು ಅರಸಿ ಹೋದವರಿಗೆ ಹೊಸ ಆಕಾಶವೇ ದೊರೆಯಿತು. 1970ರ ಡಿಸೆಂಬರ್ 12ರಂದು ಕೀನ್ಯಾದ ಕಡಲತೀರದಾಚೆಯ ಒಂದು ವೇದಿಕೆಯಿಂದ ಹಾರಿಸಿದ ಉಪಗ್ರಹಕ್ಕೆ 'ಉಹುರು' ಎಂಬ ಹೆಸರು ಬಂದಿತು. ಸ್ವಾಹಿಲಿ ಭಾಷೆಯಲ್ಲಿ ಅದರ ಅರ್ಥ ಸ್ವಾತಂತ್ರ್ಯ. ಅಂದು ಕೀನ್ಯಾದ ಸ್ವಾತಂತ್ರ್ಯ ದಿನ. ಕ್ಷ-ಕಿರಣದಲ್ಲಿ ಇಡೀ ಆಕಾಶದ ಮೊದಲ ನಕ್ಷೆ ತಯಾರಾದದ್ದು ಆ ಉಪಗ್ರಹದಿಂದ.

ಅನಂತರ ಬಂದವುಗಳಲ್ಲಿ ಜರ್ಮನಿಯ ನೇತೃತ್ವದ 'ರೋಸ್ಯಾಟ್' ಉಪಗ್ರಹವನ್ನು ಹೆಸರಿಸಲೇಬೇಕು. 1990ರ ಜೂನ್ 1ರಂದು ಮೇಲೇರಿದ ಅದು ಮುಂದಿನ ಅರ್ಧ ವರ್ಷ ಆಕಾಶದ ಮೂಲೆಮೂಲೆಯನ್ನೂ ಸ್ಕ್ಯಾನ್ ಮಾಡಿತು. 1999ರಲ್ಲಿ ಪ್ರಕಟವಾದ ಅದರ ಪ್ರಖರ ಮೂಲಗಳ ಪಟ್ಟಿಯಲ್ಲಿ 18,806 ನಮೂದುಗಳಿದ್ದವು. ಅದೇ ವರ್ಷ ಅದರ ಕೆಲಸ ನಿಂತಿತು. 2011ರ ಅಕ್ಟೋಬರ್ 23ರಂದು ಅದು ನಮ್ಮ ಬಂಗಾಳ ಕೊಲ್ಲಿಯ ಮೇಲೆ ಬಿದ್ದು ಮುಗಿಯಿತು. ಪಟ್ಟಿ ಮಾತ್ರ ಉಳಿದಿದೆ.

ತರ್ಕಶಾಸ್ತ್ರ ಓದಿದವರಿಗೆ ಬೆಟ್ಟದ ಮೇಲಿನ ಹೊಗೆಯ ದೃಷ್ಟಾಂತ ಚೆನ್ನಾಗಿ ಗೊತ್ತು. ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆಯೆಂದು ನಿಸ್ಸಂದೇಹವಾಗಿ ಊಹಿಸಬಹುದು. ಆದರೆ ಅದು ಅಡುಗೆಯ ಒಲೆಯೋ, ಕುಂಬಾರನ ಆವಿಗೆಯೋ, ಕಾಡುಕಿಚ್ಚೋ ಎಂಬುದನ್ನು ಹೊಗೆ ತಾನಾಗಿ ಹೇಳುವುದಿಲ್ಲ. ಬೆಂಕಿ ಈ ಗುಡ್ಡದ ಮೇಲಿದೆಯೋ ಅದರ ಹಿಂದಿನ ಗುಡ್ಡದ ಮೇಲಿದೆಯೋ ಎಂಬುದನ್ನೂ ಹೇಳುವುದಿಲ್ಲ. ಆ 18,806 ನಮೂದುಗಳು ಅಂಥ ಹೊಗೆಗಳು. ಉಪಗ್ರಹ ಹೇಳಿದ್ದು ಇಷ್ಟೇ: ಈ ದಿಕ್ಕಿನಲ್ಲಿ ಅತ್ಯಂತ ಉಷ್ಣವಾದ ಏನೋ ಒಂದಿದೆ. ಏನು, ಎಷ್ಟು ದೂರದಲ್ಲಿ ಎಂಬುದಕ್ಕೆ ಯಾರಾದರೂ ಹತ್ತಿ ಹೋಗಿ ನೋಡಬೇಕಲ್ಲವೇ? ಹಾಗೆ ಹತ್ತಿ ನೋಡುವ ಕೆಲಸವೇ ಕಣ್ಣಿಗೆ ಕಾಣುವ ಸಾಮಾನ್ಯ ಬೆಳಕಿನ ದೂರದರ್ಶಕದ್ದು.

ದಿಕ್ಕನ್ನಾದರೂ ಉಪಗ್ರಹ ಖಚಿತವಾಗಿ ಹೇಳುತ್ತದೆಯೇ ಎಂದರೆ ಅದೂ ಇಲ್ಲ. ನಮ್ಮ ಜ್ಯೋತಿಷ ಗ್ರಂಥಗಳಲ್ಲಿ ವೃತ್ತವನ್ನು ಅಂಶ, ಕಲೆ, ವಿಕಲೆಗಳಾಗಿ ವಿಭಾಗಿಸುವ ಕ್ರಮವಿದೆ. ಪೂರ್ಣಚಂದ್ರನ ಅಗಲ ಸುಮಾರು 1,800 ವಿಕಲೆ. ರೋಸ್ಯಾಟ್ ಸೂಚಿಸಿದ ಸ್ಥಾನದಲ್ಲಿ ಹತ್ತಿಪ್ಪತ್ತು ವಿಕಲೆಗಳ ಸಂದೇಹ ಉಳಿಯುತ್ತಿತ್ತು. ಚಂದ್ರನ ಅಗಲದಲ್ಲಿ ನೂರರಲ್ಲೊಂದು ಭಾಗ ಎಂದರೆ ಅಲ್ಪವೆನಿಸಬಹುದು. ಆದರೆ ದೊಡ್ಡ ದೂರದರ್ಶಕದ ಚಿತ್ರದಲ್ಲಿ ಆ ಪುಟ್ಟ ವೃತ್ತದೊಳಗೆ ಎರಡೋ ಮೂರೋ ಚುಕ್ಕೆಗಳು ಕಾಣುತ್ತವೆ. ಆಕಾಶಗಂಗೆಯ ಪಟ್ಟೆಯ ಕಡೆ ನೋಡಿದರೆ ಹತ್ತಾರು. ಇವುಗಳಲ್ಲಿ ಕ್ಷ-ಕಿರಣ ಸೂಸಿದವನಾರು?

ಒಂದು ಚುಕ್ಕೆ ನಮ್ಮ ನೆರೆಯ ಸಾಮಾನ್ಯ ನಕ್ಷತ್ರವಾಗಿರಬಹುದು. ಸೂರ್ಯನಂಥ ನಕ್ಷತ್ರಗಳಿಗೂ ಹತ್ತು ಲಕ್ಷ ಅಂಶಕ್ಕೂ ಮೀರಿದ ಉಷ್ಣತೆಯ ಪ್ರಭಾವಲಯ ಇರುತ್ತದೆ. ಅದರಿಂದ ಕ್ಷ-ಕಿರಣ ಬರುತ್ತದೆ. ಇನ್ನೊಂದು ಚುಕ್ಕೆ ನೂರು ಕೋಟಿ ಜ್ಯೋತಿರ್ವರ್ಷ ಆಚೆಯ ಗೆಲಾಕ್ಸಿಯ ಕೇಂದ್ರವಾಗಿರಬಹುದು. ಎರಡೂ ಚಿತ್ರದಲ್ಲಿ ಒಂದೇ ಬಗೆಯ ಬಿಳಿಯ ಬಿಂದುಗಳು. ಒಂದರ ಬದಲು ಮತ್ತೊಂದನ್ನು ಆರಿಸಿಬಿಟ್ಟರೆ ದೂರದ ಲೆಕ್ಕ ಕೋಟ್ಯಂತರ ಪಟ್ಟು ತಪ್ಪುತ್ತದೆ. ಶಕ್ತಿಯ ಲೆಕ್ಕ ಆ ಅಂತರದ ವರ್ಗದಷ್ಟು ತಪ್ಪುತ್ತದೆ. ವಿಶ್ವದ ಬಗ್ಗೆ ಹೇಳುವ ಎಷ್ಟೋ ದೊಡ್ಡ ಮಾತುಗಳು ಈ ಸಣ್ಣ ಆಯ್ಕೆಯ ಮೇಲೆ ನಿಂತಿವೆ.

ಆಯ್ಕೆಗೆ ಮೊದಲ ಸುಳಿವು ಒಂದು ಅನುಪಾತ. ಸೂರ್ಯನಂಥ ನಕ್ಷತ್ರ ಸೂಸುವ ಕ್ಷ-ಕಿರಣ ಅದರ ಒಟ್ಟು ಬೆಳಕಿನ ಹತ್ತು ಲಕ್ಷದಲ್ಲೊಂದು ಪಾಲಿನಷ್ಟು ಅಲ್ಪ. ಸಕ್ರಿಯ ಗೆಲಾಕ್ಸಿಯ ಕೇಂದ್ರದಲ್ಲಾದರೋ ಕ್ಷ-ಕಿರಣವೂ ಕಾಣುವ ಬೆಳಕೂ ಹೆಚ್ಚುಕಡಿಮೆ ಸರಿಸಾಟಿ. ಆದ್ದರಿಂದ ಕ್ಷ-ಕಿರಣ ಪ್ರಖರವಾಗಿದ್ದು ವೃತ್ತದೊಳಗಿನ ಚುಕ್ಕೆ ಮಂಕಾಗಿದ್ದರೆ ಗೆಲಾಕ್ಸಿಯೆಂದು ಸಂದೇಹಪಡಬೇಕು. ಚುಕ್ಕೆ ಮಾಮೂಲಿಗಿಂತ ನೀಲಿಯಾಗಿದ್ದರೆ ಸಂದೇಹ ಬಲವಾಗುತ್ತದೆ. ಆದರೂ ಇದು ಅನುಮಾನವೇ ಹೊರತು ಪ್ರತ್ಯಕ್ಷವಲ್ಲ. ಸಾಕ್ಷಿ ಬೇಕಾದರೆ ರೋಹಿತವನ್ನು, ಎಂದರೆ ಬೆಳಕನ್ನು ಕಾಮನಬಿಲ್ಲಿನಂತೆ ಬಿಡಿಸಿ ಹರಡಿದ ಪಟ್ಟಿಯನ್ನು, ಪಡೆಯಬೇಕು.

1978ರಲ್ಲಿ ಹಾರಿದ 'ಐನ್‌ಸ್ಟೈನ್' ಉಪಗ್ರಹ ತೋರಿಸಿದ ಮೂಲಗಳಲ್ಲಿ 835ನ್ನು ಆರಿಸಿ, ಒಂದೊಂದರ ಗುರುತನ್ನೂ ಹಿಡಿಯಲು ವಿಜ್ಞಾನಿಗಳು ಹತ್ತು ವರ್ಷಕ್ಕೂ ಮೀರಿ ದುಡಿದರು. ಕೊನೆಗೆ ತಿಳಿದದ್ದು: ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಪಾಲು ಸಕ್ರಿಯ ಗೆಲಾಕ್ಸಿ ಕೇಂದ್ರಗಳು, ಸುಮಾರು ಕಾಲುಪಾಲು ನಮ್ಮದೇ ಆಕಾಶಗಂಗೆಯ ನಕ್ಷತ್ರಗಳು, ಉಳಿದವು ಗೆಲಾಕ್ಸಿಗಳ ಗುಚ್ಛಗಳು ಮೊದಲಾದವು. ಹೊಗೆ ಕಂಡ ನಾಲ್ಕು ಕಡೆಗಳಲ್ಲಿ ಒಂದು ಕಡೆ ನೆರೆಮನೆಯ ಒಲೆಯೇ ಉರಿಯುತ್ತಿತ್ತು ಎಂದಾಯಿತು.

ಇನ್ನು ಆ ರಾತ್ರಿಯ ವಿಚಾರ. ಸಂಜೆಯ ಕೆಂಪು ಇಳಿದ ಮೇಲೆ ಆವರಣದಲ್ಲಿ ದೀಪಗಳು ಆರಿದವು. "ಅಜ್ಜಾರ, ಇಲ್ಲಿಂದ ಮುಂದ ದೀಪಾ ಹಚ್ಚಂಗಿಲ್ಲರಿ. ನನ್ನ ಕೈ ಹಿಡ್ಕೊಂಡು ಬರ್ರಿ" ಎಂದು ಹುಡುಗಿ ನನ್ನನ್ನು ನಡೆಸಿಕೊಂಡು ಹೋದಳು. ಗುಮ್ಮಟದ ಬಾಗಿಲು ಸದ್ದಿನೊಡನೆ ಸರಿದು ಆಕಾಶದ ಒಂದು ಸೀಳು ತೆರೆದುಕೊಂಡಿತು. ದೊಡ್ಡ ದೂರದರ್ಶಕವೆಂದರೆ ಕೊಳವೆಯಂತಿರುತ್ತದೆಂದು ಭಾವಿಸಿದ್ದವರಿಗೆ ಇದರ ರೂಪ ಬೇರೆಯೆನಿಸುತ್ತದೆ: ಉಕ್ಕಿನ ಕಂಬಿಗಳ ಭಾರಿ ಚೌಕಟ್ಟು, ಅದರ ಬುಡದಲ್ಲಿ ಕನ್ನಡಿ. ಅಷ್ಟು ಭಾರದ ಯಂತ್ರ ಸದ್ದಿಲ್ಲದೆ ಹೊರಳಿತು. ನಾವು ಪಕ್ಕದ ಕೊಠಡಿಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತೆವು. ಕಣ್ಣಿಟ್ಟು ನೋಡುವಂತಿಲ್ಲವೇ ಎಂದರೆ, "ನೋಡೋದು ಯಂತ್ರರಿ, ಕಾಯೋದು ನಾವು" ಎಂದು ನಕ್ಕಳು.

ಅವಳ ಪಟ್ಟಿಯಲ್ಲಿ ಹಲವು ಮಂಕು ಕಾಯಗಳಿದ್ದವು. ಅವನ್ನೆಲ್ಲ ವಿವರಿಸಿದರೆ ಲೇಖನ ಬೆಳೆಯುತ್ತದೆ. ನಡುರಾತ್ರಿ ಕಳೆದು ಎರಡು ತಾಸಿನ ಹೊತ್ತಿಗೆ ಕನ್ಯಾ ರಾಶಿ ನೆತ್ತಿಗೆ ಹತ್ತಿರವಾದಾಗ, ನನಗೆ ತೋರಿಸಲೆಂದೇ ಹೆಸರಾಂತ ಒಂದು ಕಾಯದ ಕಡೆಗೆ ದೂರದರ್ಶಕ ತಿರುಗಿಸಿದಳು. ಅದರ ಹೆಸರು 3ಸಿ 273. ಕೇಂಬ್ರಿಜ್ ವಿಶ್ವವಿದ್ಯಾಲಯದ ಮೂರನೆಯ ರೇಡಿಯೋ ಪಟ್ಟಿಯಲ್ಲಿ 273ನೆಯದು ಎಂದು ಅರ್ಥ. ಪರದೆಯ ಮೇಲೆ ಅದೂ ಒಂದು ನಕ್ಷತ್ರದಂತೆಯೇ ತೋರಿತು.

ಈ ಚುಕ್ಕೆಯ ಗುರುತು ಹಿಡಿದ ಕಥೆಯೇ ಈ ವಿದ್ಯೆಗೆಲ್ಲ ಮೊದಲ ಪಾಠ. ರೇಡಿಯೋ ಅಲೆಗಳಲ್ಲಿ ಅದು ಪ್ರಖರವೆಂದು ಗೊತ್ತಿತ್ತು. ಯಾವ ಚುಕ್ಕೆಯೆಂದು ಗೊತ್ತಿರಲಿಲ್ಲ. 1962ರಲ್ಲಿ ಚಂದ್ರನು ಅದನ್ನು ಮರೆಮಾಡಿ ಸಾಗುವ ಸಂದರ್ಭ ಒದಗಿತು. ಚಂದ್ರಬಿಂಬದ ಅಂಚು ಪ್ರತಿ ಕ್ಷಣ ಎಲ್ಲಿರುತ್ತದೆಂಬುದು ಗಣಿತದಿಂದ ನಿಖರವಾಗಿ ತಿಳಿಯುತ್ತದೆ. ಅಲೆ ನಿಂತ ಕ್ಷಣವನ್ನೂ ಮರಳಿ ಬಂದ ಕ್ಷಣವನ್ನೂ ಆಸ್ಟ್ರೇಲಿಯಾದ ಪಾರ್ಕ್ಸ್ ಎಂಬಲ್ಲಿಯ ರೇಡಿಯೋ ದೂರದರ್ಶಕದಿಂದ ಗುರುತು ಹಾಕಿಕೊಂಡು ಸಿರಿಲ್ ಹಜಾರ್ಡ್ ಮತ್ತು ಅವರ ಜೊತೆಗಾರರು ಸ್ಥಾನವನ್ನು ಖಚಿತಪಡಿಸಿದರು. ಅಲ್ಲಿದ್ದದ್ದು ಹದಿಮೂರನೆಯ ದರ್ಜೆಯ ಒಂದು ನೀಲಿ ಚುಕ್ಕೆ. ಕ್ಯಾಲಿಫೋರ್ನಿಯಾದ ಪಾಲೊಮಾರ್ ಪರ್ವತದ ಐದು ಮೀಟರಿನ ದೂರದರ್ಶಕದಿಂದ ಮಾರ್ಟಿನ್ ಶ್ಮಿಟ್ ಅದರ ರೋಹಿತ ತೆಗೆದರು. ಅದರಲ್ಲಿ ಕಂಡ ಗೆರೆಗಳು ಪರಿಚಿತವಾದ ಯಾವ ಧಾತುವಿಗೂ ಹೊಂದಲಿಲ್ಲ. 1963ರ ಫೆಬ್ರವರಿಯಲ್ಲಿ ಅವರಿಗೆ ಹೊಳೆಯಿತು: ಗೆರೆಗಳು ಹೊಸವಲ್ಲ, ಜಲಜನಕದವೇ; ಎಲ್ಲವೂ ತಮ್ಮ ಸ್ಥಾನದಿಂದ ಕೆಂಪಿನ ಕಡೆಗೆ ಒಂದೇ ಪ್ರಮಾಣದಲ್ಲಿ ಸರಿದಿವೆ.

ಆ ಸರಿದಾಟವನ್ನು ನಾನು ಪರದೆಯ ಮೇಲೆ ನೋಡಿದೆ. ಅರ್ಧ ತಾಸು ಬೆಳಕು ಹಿಡಿದ ಮೇಲೆ ಚಿತ್ರ ಬಂದಿತು. ಚುಕ್ಕೆಯ ಬೆಳಕನ್ನು ಒಂದು ಕಿರಿದಾದ ಸೀಳುಗಂಡಿಯ ಮೂಲಕ ಹಾಯಿಸಿ, ಸೂಕ್ಷ್ಮ ಗೀರುಗಳುಳ್ಳ ಫಲಕದ ಮೇಲೆ ಬೀಳಿಸಿ, ಬಣ್ಣ ಬಣ್ಣವಾಗಿ ಬಿಡಿಸುತ್ತಾರೆ. ಆ ಬಳಿಕ ಕಬ್ಬಿಣ, ನಿಯಾನ್‌ಗಳ ಗೆರೆಗಳನ್ನು ಕೊಡುವ ಒಂದು ದೀಪವನ್ನು ಹಚ್ಚಿ ಅದರ ರೋಹಿತವನ್ನೂ ಪಕ್ಕದಲ್ಲಿ ತೆಗೆದುಕೊಳ್ಳುತ್ತಾರೆ, ಅದು ಅಳತೆಗೋಲು. ಪ್ರಯೋಗಶಾಲೆಯಲ್ಲಿ ಜಲಜನಕದ ಒಂದು ಮುಖ್ಯ ಗೆರೆ 4,861 ಆಂಗ್‌ಸ್ಟ್ರಾಮ್ ಎಂಬ ಸ್ಥಾನದಲ್ಲಿ ಇರುತ್ತದೆ. ಇಲ್ಲಿ ಅದೇ ಗೆರೆ 5,630ರ ಹತ್ತಿರ ಗುಡ್ಡದಂತೆ ಉಬ್ಬಿ ನಿಂತಿತ್ತು. ವ್ಯತ್ಯಾಸವನ್ನು ಮೂಲ ಸಂಖ್ಯೆಯಿಂದ ಭಾಗಿಸಿದರೆ 0.158. ಇದನ್ನು ಕೆಂಪು ಪಲ್ಲಟವೆನ್ನುತ್ತಾರೆ. ವಿಶ್ವ ಹಿಗ್ಗುತ್ತಿರುವುದರಿಂದ ಕಾಯ ದೂರವಾದಷ್ಟೂ ಪಲ್ಲಟ ಹೆಚ್ಚು. ಅಂದರೆ ನಾವು ನೋಡುತ್ತಿದ್ದ ಬೆಳಕು ಹೊರಟು ಸುಮಾರು 200 ಕೋಟಿ ವರ್ಷಗಳಾಗಿದ್ದವು. ಅಷ್ಟು ದೂರದಿಂದಲೂ ಚಿಕ್ಕ ದೂರದರ್ಶಕಕ್ಕೆ ಕಾಣುವುದಾದರೆ ಅದರ ತೇಜಸ್ಸು ನಮ್ಮ ಇಡೀ ಆಕಾಶಗಂಗೆಯ ನೂರು ಪಟ್ಟಿನಷ್ಟಾದರೂ ಇರಬೇಕು. ಪಂಚಾಂಗದ ಗಣಿತ ಬಲ್ಲ ನಮ್ಮ ಹಿರಿಯರು ಮಾಡಬಹುದಾದಷ್ಟು ಸರಳವಾದ ಒಂದು ಭಾಗಾಕಾರ. ಅದರ ಫಲ ಇದು!

1970ರಲ್ಲಿ ರಾಕೆಟ್ಟಿನ ಮೂಲಕ ಈ 3ಸಿ 273ರಿಂದ ಕ್ಷ-ಕಿರಣ ಬರುತ್ತಿರುವುದೂ ವರದಿಯಾಯಿತು. ಗುರುತು ಮೊದಲೇ ಹಿಡಿದಾಗಿತ್ತಾದ್ದರಿಂದ, ಆ ಕಿರಣ ಎಲ್ಲಿಂದ ಬರುತ್ತಿದೆ, ಎಷ್ಟು ಶಕ್ತಿಯದು ಎಂದು ತಕ್ಷಣ ಹೇಳಲು ಸಾಧ್ಯವಾಯಿತು. ಪಟ್ಟಿಯ ಉಳಿದ ಸಾವಿರಾರು ಮೂಲಗಳಿಗೆ ಈ ಸೌಕರ್ಯವಿರಲಿಲ್ಲ. ಅವುಗಳ ಗುರುತನ್ನು ಒಂದೊಂದಾಗಿ ರೋಹಿತದಿಂದಲೇ ಹಿಡಿಯಬೇಕಾಯಿತು.

ರೋಹಿತ ದೂರವನ್ನಷ್ಟೇ ಹೇಳುವುದಿಲ್ಲ. ಒಳಗಿನ ವ್ಯವಹಾರವನ್ನೂ ಹೇಳುತ್ತದೆ. ಜಲಜನಕದ ಗೆರೆ ತೆಳ್ಳಗಿರದೆ ಗುಡ್ಡದಂತೆ ಅಗಲವಾಗಿತ್ತೆಂದೆನಲ್ಲ, ಅದರ ಕಾರಣ ಅನಿಲದ ವೇಗ. ಅನಿಲದ ಒಂದು ಭಾಗ ನಮ್ಮ ಕಡೆಗೂ ಇನ್ನೊಂದು ಭಾಗ ನಮ್ಮಿಂದ ಆಚೆಗೂ ಸೆಕೆಂಡಿಗೆ ಸಾವಿರಾರು ಕಿಲೋಮೀಟರ್ ವೇಗದಲ್ಲಿ ಧಾವಿಸುತ್ತಿರುವುದರಿಂದ ಗೆರೆ ಎರಡೂ ಬದಿಗೆ ಹರಡಿಕೊಳ್ಳುತ್ತದೆ. ಅದರ ಪಕ್ಕದಲ್ಲಿಯೇ ಆಮ್ಲಜನಕದ ಗೆರೆಗಳು ತೆಳ್ಳಗೆ, ಚೂಪಾಗಿ ನಿಲ್ಲುತ್ತವೆ. ಅವು ಕೇಂದ್ರದಿಂದ ಬಹುದೂರದ, ನಿಧಾನವಾಗಿ ಚಲಿಸುವ ವಿರಳ ಅನಿಲದಿಂದ ಬಂದವು. ಇಂಥ ಅಗಲ ಗೆರೆಗಳ ಗೆಲಾಕ್ಸಿಗಳನ್ನು 1943ರಲ್ಲಿಯೇ ಕಾರ್ಲ್ ಸೀಫರ್ಟ್ ವರ್ಣಿಸಿದ್ದರು. ಅವುಗಳಿಗೆ ಅವರ ಹೆಸರೇ ನಿಂತಿದೆ. ಅಷ್ಟು ಕಿರಿದಾದ ಜಾಗದಲ್ಲಿ ಅಷ್ಟು ವೇಗದ ಅನಿಲವನ್ನು ಹಿಡಿದಿಡಬೇಕಾದರೆ ನಡುವೆ ಅಪಾರ ದ್ರವ್ಯರಾಶಿ ಇರಲೇಬೇಕು. ಅದು ಕೃಷ್ಣವಿವರ, ಜನರು ಕಪ್ಪುಕುಳಿ ಎನ್ನುವುದು. 3ಸಿ 273ರ ಕೃಷ್ಣವಿವರದ ತೂಕ ಸೂರ್ಯನ ಹತ್ತಾರು ಕೋಟಿ ಪಟ್ಟು. ಚಿಲಿಯ ಪರನಾಲ್ ಪರ್ವತದ ನಾಲ್ಕು ದೊಡ್ಡ ದೂರದರ್ಶಕಗಳನ್ನು ಒಂದಾಗಿ ಜೋಡಿಸಿ 2018ರಲ್ಲಿ ಪ್ರಕಟಿಸಿದ ಅಳತೆಯ ಪ್ರಕಾರ, ಆ ವೇಗದ ಅನಿಲ ಕೇಂದ್ರದಿಂದ ಸುಮಾರು 150 ದಿನಗಳ ಬೆಳಕಿನ ಪಯಣದಷ್ಟು ದೂರದಲ್ಲಿ ಸುತ್ತುತ್ತಿದೆ.

ಕೃಷ್ಣವಿವರ ತಾನು ಬೆಳಗುವುದಿಲ್ಲ. ಅದರೊಳಗೆ ಬೀಳಲಿರುವ ಅನಿಲ ತಟ್ಟೆಯಾಕಾರದಲ್ಲಿ ಸುತ್ತಿ, ಉಜ್ಜಾಟದಿಂದ ಕಾದು ಬೆಳಗುತ್ತದೆ. ಆ ತಟ್ಟೆಯ ಸಮೀಪದಲ್ಲಿ ಇನ್ನೂ ಉಷ್ಣವಾದ ಒಂದು ಪ್ರಭಾವಲಯವಿದ್ದು, ಅಲ್ಲಿಯ ವೇಗದ ವಿದ್ಯುತ್ಕಣಗಳಿಗೆ ಬಡಿದ ಬೆಳಕು ಶಕ್ತಿ ಪಡೆದು ಕ್ಷ-ಕಿರಣವಾಗಿ ಹೊರಡುತ್ತದೆ. ಕ್ಷ-ಕಿರಣ ಕೇಂದ್ರಕ್ಕೆ ಅತಿ ಸಮೀಪದ ಸುದ್ದಿಯೆನ್ನುವುದು ಇದಕ್ಕೆ.

ರೋಹಿತದ ಸಾಕ್ಷಿ ಯಾವಾಗಲೂ ಸ್ಪಷ್ಟವೆಂದು ವಾಚಕರು ತಿಳಿಯಬಾರದು. ಕೆಲವು ಕಾಯಗಳ ರೋಹಿತದಲ್ಲಿ ಒಂದು ಗೆರೆಯೂ ಇರುವುದಿಲ್ಲ, ಬರಿಯ ಬಿಳುಪು. ಕೃಷ್ಣವಿವರದಿಂದ ಚಿಮ್ಮುವ ಧಾರೆ ನೇರವಾಗಿ ನಮ್ಮ ಕಡೆಗೇ ಮುಖಮಾಡಿರುವಾಗ ಹೀಗಾಗುತ್ತದೆ. ಅವುಗಳ ದೂರ ತಿಳಿಯುವುದು ಬಲು ಕಷ್ಟ. ಮತ್ತೆ ಕೆಲವು ಗೆಲಾಕ್ಸಿಗಳಲ್ಲಿ ಧೂಳಿನ ದಟ್ಟವಾದ ಗೋಡೆ ಕೇಂದ್ರವನ್ನು ಮುಚ್ಚಿರುತ್ತದೆ. ಕಾಣುವ ಬೆಳಕಿಗೆ ಅದೊಂದು ಸಾಧು ಗೆಲಾಕ್ಸಿ. ಒಳಗೆ ಏನೂ ನಡೆದಂತಿಲ್ಲ. ಗೋಡೆಯನ್ನು ತೂರಿ ಬಂದ ಗಡುಸಾದ ಕ್ಷ-ಕಿರಣ ಮಾತ್ರ ನಿಜ ಹೇಳುತ್ತದೆ. ಹೊಗೆ ನೋಡಿ ಮನೆಯ ಬಾಗಿಲು ತಟ್ಟಿದರೆ ಒಳಗಿನವರು ಒಲೆ ಹಚ್ಚಿಯೇ ಇಲ್ಲವೆಂದಂತೆ! ಇಂಥಲ್ಲಿ ಒಂದೇ ಪ್ರಮಾಣವನ್ನು ನಂಬಿ ತೀರ್ಪು ಕೊಡುವಂತಿಲ್ಲ.

1962ರ ರಾಕೆಟ್ಟು ಕಂಡ ಆ ಮಂದ ಕಾಂತಿಯ ಒಗಟು ಬಿಡಿಸಿದ್ದೂ ಹೀಗೆ ಎರಡು ಪ್ರಮಾಣಗಳನ್ನು ಕೂಡಿಸಿಯೇ. ವಿಶ್ವವನ್ನೆಲ್ಲ ತುಂಬಿದ ಬಿಸಿ ಅನಿಲದಿಂದ ಅದು ಬರುತ್ತಿದೆಯೋ, ಅಥವಾ ಬಿಡಿಬಿಡಿಯಾಗಿ ಕಾಣಲಾರದ ಅಸಂಖ್ಯ ಚುಕ್ಕೆಗಳಿಂದಲೋ ಎಂದು ದಶಕಗಳ ಕಾಲ ವಾದ ನಡೆಯಿತು. ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರರ ಹೆಸರು ಹೊತ್ತು 1999ರಲ್ಲಿ ಹಾರಿದ 'ಚಂದ್ರ' ದೂರದರ್ಶಕ ಆ ಕಾಂತಿಯ ಬಹುಭಾಗವನ್ನು ಚುಕ್ಕೆಗಳಾಗಿ ಬಿಡಿಸಿತು. ಹವಾಯಿ, ಚಿಲಿಗಳ ದೊಡ್ಡ ದೂರದರ್ಶಕಗಳು ಆ ಚುಕ್ಕೆಗಳ ರೋಹಿತ ತೆಗೆದು, ಹೆಚ್ಚಿನವು ಸಕ್ರಿಯ ಗೆಲಾಕ್ಸಿ ಕೇಂದ್ರಗಳೆಂದು ಹೆಸರಿಸಿದವು. ಜಕೋನಿಯವರಿಗೆ 2002ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು.

ಈಗಿನ ಸಮಸ್ಯೆ ಬೇರೆ ಬಗೆಯದು. 2019ರಲ್ಲಿ ಹಾರಿದ 'ಇರೋಸಿಟಾ' ಎಂಬ ಜರ್ಮನ್ ದೂರದರ್ಶಕ ಅರ್ಧ ಆಕಾಶದಲ್ಲಿಯೇ ಸುಮಾರು ಒಂಬತ್ತು ಲಕ್ಷ ಕ್ಷ-ಕಿರಣ ಮೂಲಗಳನ್ನು ಕಂಡಿತು. ಪಟ್ಟಿ 2024ರ ಜನವರಿಯಲ್ಲಿ ಪ್ರಕಟವಾಯಿತು. ಒಂದೊಂದಕ್ಕೆ ಅರ್ಧ ತಾಸಿನಂತೆ ಕಾವಲೂರಿನಲ್ಲಿ ಕುಳಿತರೆ ಎಷ್ಟು ತಲೆಮಾರು ಬೇಕೋ! ಅದಕ್ಕಾಗಿ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿಯೂ ಚಿಲಿಯಲ್ಲಿಯೂ 500 ಪುಟ್ಟ ಯಂತ್ರಬಾಹುಗಳುಳ್ಳ ದೂರದರ್ಶಕಗಳಿವೆ. ಪ್ರತಿಯೊಂದು ಬಾಹುವೂ ಗಾಜಿನ ಎಳೆಯೊಂದನ್ನು ಒಂದು ಚುಕ್ಕೆಯ ಮೇಲಿಟ್ಟು ಏಕಕಾಲಕ್ಕೆ ನೂರಾರು ರೋಹಿತಗಳನ್ನು ತರುತ್ತದೆ. ಹಿಂದೆ ಅಲ್ಯೂಮಿನಿಯಂ ತಟ್ಟೆಗಳಿಗೆ ರಂಧ್ರ ಕೊರೆದು, ಆ ಎಳೆಗಳನ್ನು ಕೈಯಿಂದಲೇ ಒಂದೊಂದಾಗಿ ಸಿಕ್ಕಿಸುತ್ತಿದ್ದರಂತೆ. ಹಾಗಾದರೆ ಕಾವಲೂರಿಗೆ ಕೆಲಸವಿಲ್ಲವೇ ಎಂದು ಹುಡುಗಿಯನ್ನು ಕೇಳಿದೆ. ಅವಳ ಉತ್ತರ ನನಗೆ ಒಪ್ಪಿತವಾಯಿತು: ಈ ಕೇಂದ್ರಗಳ ಬೆಳಕು ದಿನದಿಂದ ದಿನಕ್ಕೆ, ವರ್ಷದಿಂದ ವರ್ಷಕ್ಕೆ ಏರಿಳಿಯುತ್ತದೆ; ದೊಡ್ಡ ಯಂತ್ರಗಳು ಒಮ್ಮೆ ನೋಡಿ ಮುಂದೆ ಹೋಗುತ್ತವೆ; ಒಂದನ್ನೇ ಬಿಡದೆ ಮತ್ತೆ ಮತ್ತೆ ನೋಡುವ ತಾಳ್ಮೆ ಸಣ್ಣ ದೂರದರ್ಶಕಗಳಿಗೆ ಸಾಧ್ಯ. 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟೆಯಿಂದ ಹಾರಿದ ನಮ್ಮದೇ 'ಆಸ್ಟ್ರೋಸ್ಯಾಟ್' ಉಪಗ್ರಹ ಕ್ಷ-ಕಿರಣ, ನೇರಳಾತೀತ ಕಿರಣಗಳೆರಡರಲ್ಲೂ ಒಟ್ಟಿಗೆ ನೋಡಲೆಂದು ನಿರ್ಮಿತವಾದದ್ದು. ಅಂಥದರ ಜೊತೆಗೆ ನೆಲದಿಂದಲೂ ಅದೇ ಕಾಯವನ್ನು ನೋಡುವವರು ಬೇಕು.

ಕಾವಲೂರಿನ ದೊಡ್ಡ ಕೊರತೆ ಮೋಡದ್ದು. ಎರಡೂ ಮುಂಗಾರುಗಳು, ನೈರುತ್ಯದ್ದೂ ಈಶಾನ್ಯದ್ದೂ, ಈ ಬೆಟ್ಟವನ್ನು ಮುಟ್ಟುತ್ತವೆ. ಅದಕ್ಕೇ ಲಡಾಖಿನ ಹಾನ್ಲೆ ಎಂಬಲ್ಲಿ, 4,500 ಮೀಟರ್ ಎತ್ತರದ ಶೀತಮರುಭೂಮಿಯಲ್ಲಿ, ಎರಡು ಮೀಟರಿನ ಇನ್ನೊಂದು ದೂರದರ್ಶಕವನ್ನು ಇದೇ ಸಂಸ್ಥೆ 2000ದಲ್ಲಿ ಸ್ಥಾಪಿಸಿತು. ಅದನ್ನು ನಡೆಸುವವರು ಕುಳಿತಿರುವುದು ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ. ಆಜ್ಞೆಗಳು ಉಪಗ್ರಹದ ಮೂಲಕ ಹಿಮಾಲಯಕ್ಕೆ ಹೋಗುತ್ತವೆ. ಹಾನ್ಲೆಯ ಹಳೆಯ ಬೌದ್ಧ ಮಠದ ಸುತ್ತಲಿನ ಹಳ್ಳಿಗಳವರು ರಾತ್ರಿ ಕಿಟಕಿಗಳಿಗೆ ಪರದೆ ಹಾಕಿ, ಬೀದಿದೀಪಗಳಿಗೆ ಮರೆ ಕಟ್ಟಿ ಕತ್ತಲೆಯನ್ನು ಕಾಯುತ್ತಾರೆ. 2022ರ ಡಿಸೆಂಬರಿನಲ್ಲಿ ಆ ಪ್ರದೇಶವನ್ನು ಕತ್ತಲಾಕಾಶದ ರಕ್ಷಿತ ವಲಯವೆಂದು ಅಧಿಕೃತವಾಗಿ ಘೋಷಿಸಲಾಯಿತು.

ಕಾವಲೂರಿಗೆ ಆ ಭಾಗ್ಯವಿಲ್ಲ. ಬೆಳಗಿನ ಜಾವ ಹೊರಗೆ ಬಂದು ನಿಂತಾಗ ನೆತ್ತಿಯ ಮೇಲೆ ನಕ್ಷತ್ರಗಳು ಕಿಕ್ಕಿರಿದಿದ್ದವು. ಆದರೆ ಪಶ್ಚಿಮದ ಅಂಚಿನಲ್ಲಿ, ತಿರುಪತ್ತೂರು, ವಾಣಿಯಂಬಾಡಿಗಳ ದಿಕ್ಕಿನಲ್ಲಿ, ಬೂದಿ ಬಣ್ಣದ ಒಂದು ಬೆಳಕು ಮಬ್ಬಾಗಿ ಹರಡಿತ್ತು. ಊರುಗಳು ಬೆಳೆಯುವುದು ತಪ್ಪಲ್ಲ. ಹಳ್ಳಿಗೆ ದೀಪ ಬರಬಾರದೆಂದು ಯಾರೂ ಹೇಳಲಾರರು. ಆದರೆ ನೆಲಕ್ಕೆ ಬೀಳಬೇಕಾದ ಬೆಳಕನ್ನು ಮೇಲಕ್ಕೆ ಚೆಲ್ಲುವ ದೀಪಗಳಿಂದ ಯಾರಿಗೆ ಉಪಕಾರ? 200 ಕೋಟಿ ವರ್ಷ ಪಯಣಿಸಿ ಬಂದ ಒಂದು ಕಿರಣವನ್ನು ಕೊನೆಯ ಹತ್ತು ಮೈಲಿಯಲ್ಲಿ ನಾವು ಅಳಿಸಿಬಿಡುತ್ತೇವೆ. ಬೀದಿದೀಪಕ್ಕೊಂದು ತಗಡಿನ ಮುಚ್ಚಳ ಕಟ್ಟಿದರೆ ಸಾಕಾಗುವ ಕೆಲಸವಿದು. ನಮ್ಮ ಜಾತ್ರೆ, ಮದುವೆ, ಗುಡಿಗಳ ಮೇಲಿನ ದೀಪಗಳಿಗೂ ಈ ಮಾತು ಸಲ್ಲುತ್ತದೆ.

ಹೋಗಬಯಸುವ ಕುಟುಂಬಗಳಿಗೆ ಒಂದೆರಡು ಸೂಚನೆಗಳು. ವೀಕ್ಷಣಾಲಯದ ಅನುಮತಿಯನ್ನು ಮುಂಚಿತವಾಗಿ ಕೇಳಿಕೊಂಡು ಹೋಗಬೇಕು. ದೊಡ್ಡ ದೂರದರ್ಶಕದ ಬಳಿ ರಾತ್ರಿಯ ಹೊತ್ತು ಸಾರ್ವಜನಿಕರಿಗೆ ಸಾಮಾನ್ಯವಾಗಿ ಅವಕಾಶವಿರದು. ಅಲ್ಲಿ ಕೆಲಸ ನಡೆಯುತ್ತಿರುತ್ತದೆ. ಮಳೆಗಾಲ ಬಿಟ್ಟು ಜನವರಿಯಿಂದ ಏಪ್ರಿಲಿನವರೆಗೆ ಆಕಾಶ ತಿಳಿಯಾಗಿರುತ್ತದೆ. ಹಳ್ಳಿಯಲ್ಲಿ ಊಟ ವಸತಿಗಳನ್ನು ನಂಬುವಂತಿಲ್ಲ, ಬುತ್ತಿ ಕಟ್ಟಿಕೊಂಡು ಹೋಗುವುದು ಲೇಸು. ಮಕ್ಕಳ ಕೈಯಲ್ಲಿ ಬ್ಯಾಟರಿ ಕೊಡುವುದಾದರೆ ಅದರ ಗಾಜಿಗೆ ಕೆಂಪು ಕಾಗದ ಅಂಟಿಸಿ ಕೊಡಿ.